ಇನ್ಸುಲಿನ್ ಕೊಡುವ ಮುಂಚೆ ನಾನು ಏನೇನು ನೋಡುತ್ತೇನೆ

ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಜಾಸ್ತಿ ಎಚ್ಚರ ಬೇಕು ಅನಿಸುವ ಔಷಧಿ ಇನ್ಸುಲಿನ್. ದಿನಾ ಮೂರು ಹೊತ್ತು ಕೊಡುತ್ತೇವಲ್ಲ, ಹಾಗಾಗಿ ಕೈ ತಾನಾಗೇ ಓಡುತ್ತದೆ. ಹೊಸಬರು ಡ್ಯೂಟಿಗೆ ಸೇರಿದರೆ ನಾನು ಮೊದಲು ಮಾಡುವ ಕೆಲಸ, ವಯಲ್ (ಇನ್ಸುಲಿನ್ ಇರುವ ಪುಟ್ಟ ಬಾಟಲಿ) ಮತ್ತು ಸಿರಿಂಜ್ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವುದು.

ನಮ್ಮ ದೇಶದಲ್ಲಿ ಎಂಎಲ್‌ಗೆ 40 ಯೂನಿಟ್ ಇರುವ ವಯಲ್ಲೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಚಾರ್ಟಿನಲ್ಲಿ 20 ಯೂನಿಟ್ ಬರೆದಿದೆ ಅಂದುಕೊಳ್ಳಿ. 100ರ ವಯಲ್‌ನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಅದಲುಬದಲಾಗಿ 40ರ ವಯಲ್‌ನಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಹೋಗುವುದು ಬರೀ 8. ಇದರಿಂದ ಏನೂ ಆಗಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಆದರೆ ಶುಗರ್ ಇಳಿಯಲಿಲ್ಲ ಅಂತ ಡಾಕ್ಟರ್ ರೌಂಡ್ಸಿನಲ್ಲಿ ಡೋಸ್ ಏರಿಸುತ್ತಾರೆ, ಮುಂದಿನ ಶಿಫ್ಟಿನವರು ಸರಿಯಾದ ಸಿರಿಂಜ್ ತೆಗೆದುಕೊಂಡರೆ ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗುತ್ತದೆ. ಆಗ ನಡುರಾತ್ರಿ ಶುಗರ್ ಬೀಳುತ್ತದೆ. ಅದಕ್ಕೇ ಎಳೆದ ಮೇಲೆ ವಯಲ್ ಬದಿಗಿಡದೆ, ಸಿರಿಂಜ್ ಜೊತೆಗೇ ಹಿಡಿದು ಇನ್ನೊಬ್ಬ ಸಿಸ್ಟರಿಗೆ ತೋರಿಸುತ್ತೇನೆ. ಎಷ್ಟಿದೆ ಅಂತ ನಾನು ಹೇಳಲ್ಲ, ಅವರೇ ಓದಿ ಹೇಳಬೇಕು.

ಬರೆಯುವಾಗಲೂ ಅಷ್ಟೇ. ಸಂಖ್ಯೆ ಮುಂದೆ ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಹಾಕಿದರೆ ಅವಸರದಲ್ಲಿ ಅದು ಸೊನ್ನೆ ಥರ ಕಾಣುತ್ತದೆ, 4 ಹೋಗಿ 40 ಆಗುತ್ತದೆ. ಯೂನಿಟ್ ಅಂತ ಪೂರ್ತಿ ಬರೆಯಿರಿ.

ಇನ್ನು ಊಟ. ತಿಳಿಯಾದ ರೆಗ್ಯುಲರ್ ಇನ್ಸುಲಿನ್ ಕೊಡುವುದು ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ. ಆ ಅರ್ಧ ಗಂಟೆಯಲ್ಲಿ ಊಟ ಬರುತ್ತದೆ ಅಂತ ನಂಬಿ ಕೊಟ್ಟುಬಿಡುವ ಅಭ್ಯಾಸ ನನಗೆ ಹಿಡಿಸಲ್ಲ. “ಅಜ್ಜ, ಊಟ ಬಂತಾ?” ಅಂದರೆ “ಹ್ಞೂಂ ಕಣವ್ವ” ಅಂತಾರೆ, ನೋಡಿದರೆ ಮಗ ಇನ್ನೂ ಹೋಟೆಲ್ ಹತ್ತಿರ ಇರುತ್ತಾನೆ. ತಟ್ಟೆಯೋ ಕ್ಯಾರಿಯರ್ರೋ ಕಣ್ಣಿಗೆ ಬೀಳಬೇಕು. ವಾಂತಿ ಆಗ್ತಿದೆಯಾ, ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಇರೋಕೆ ಹೇಳಿದ್ದಾರಾ, ಏಕಾದಶಿ ಅಂತ ಅವ್ವ ಉಪವಾಸ ಇದ್ದಾರಾ, ರೋಜಾ ಇದೆಯಾ ಅಂತ ಕೇಳುತ್ತೇನೆ. ಇದರಲ್ಲಿ ಒಂದಿದ್ದರೂ ಸೂಜಿ ಹಾಕುವ ಮೊದಲು ಡಾಕ್ಟರಿಗೆ ಫೋನ್.

ಬೆರಳು ಚುಚ್ಚುವ ಮುಂಚೆ ನೀರಲ್ಲಿ ಕೈ ತೊಳೆಸಿ ಒರೆಸಿ. ಕಿತ್ತಳೆ ಸುಲಿದ ಕೈಯಲ್ಲಿ ಪರೀಕ್ಷೆ ಮಾಡಿದರೆ ಹಣ್ಣಿನ ಸಕ್ಕರೆಯೂ ಸೇರಿ ಶುಗರ್ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಕಷ್ಟ.

ರಾತ್ರಿ ಪಾಳಿಯಲ್ಲಿ ಫ್ಯಾನ್ ಕೆಳಗೆ ಮಲಗಿದವರ ಅಂಗಿ ಬೆವರಿ ಒದ್ದೆಯಾಗಿದ್ದರೆ, ಕೈ ನಡುಗುತ್ತಿದ್ದರೆ, ಮಾತು ತಪ್ಪುತ್ತಿದ್ದರೆ ಶುಗರ್ ಇಳಿದಿರಬಹುದು ಅಂತ ನಾನು ಮೊದಲು ಗ್ಲುಕೋಮೀಟರ್ ತರುತ್ತೇನೆ. ಶುಗರ್ 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ, ನುಂಗಲು ಆಗುವಂತಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಏರಿದ ಮೇಲೆ ಬಿಸ್ಕತ್ತೋ ಅನ್ನವೋ ತಿನ್ನಿಸಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಮನೆಯವರು ಸಕ್ಕರೆ ನೀರು ಹಾಕಲು ಓಡಿ ಬರುತ್ತಾರೆ, ದಯವಿಟ್ಟು ತಡೆಯಿರಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ಅವರಿಗೆ ಡೆಕ್ಸ್ಟ್ರೋಸ್ (ಗ್ಲುಕೋಸ್ ದ್ರಾವಣ) ರಕ್ತನಾಳದಲ್ಲೇ ಹೋಗಬೇಕು. ನಮ್ಮ ವಾರ್ಡಿನಲ್ಲಿ ಇದಕ್ಕೆ ಮೊದಲೇ ಬರೆದಿಟ್ಟ ಆರ್ಡರ್ ಇದೆ, 25 ಪರ್ಸೆಂಟಿನ ಡೆಕ್ಸ್ಟ್ರೋಸ್ 100 ಎಂಎಲ್ ಎಮರ್ಜೆನ್ಸಿ ಟ್ರೇಯಲ್ಲೇ ಇರುತ್ತದೆ, ಪಾಳಿ ವಹಿಸಿಕೊಳ್ಳುವಾಗ ಕಣ್ಣಾರೆ ನೋಡಿಕೊಳ್ಳುತ್ತೇನೆ.

ಇನ್ನೊಂದು, ಪುಸ್ತಕದಲ್ಲಿದ್ದರೂ ವಾರ್ಡಿನಲ್ಲಿ ಮರೆತುಹೋಗುವ ವಿಷಯ. ವರ್ಷಗಟ್ಟಲೆ ಮನೆಯಲ್ಲೇ ಸೂಜಿ ಹಾಕಿಕೊಂಡವರ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಹೊಕ್ಕಳ ಪಕ್ಕ ಮೆತ್ತಗಿನ ಗಂಟು ಸಿಗುತ್ತದೆ. ಅಲ್ಲಿ ನೋವು ಕಡಿಮೆ ಅಂತ ಅಲ್ಲೇ ಚುಚ್ಚಿಕೊಳ್ಳುತ್ತಾ ಬಂದಿರುತ್ತಾರೆ. ಗಂಟಿನೊಳಗಿಂದ ಇನ್ಸುಲಿನ್ ಸರಿಯಾಗಿ ಹೀರಲ್ಲ, ಡೋಸ್ ಏರುತ್ತಾ ಹೋಗಿರುತ್ತದೆ. ಅಡ್ಮಿಟ್ ಆದ ದಿನ ನಾವು ಒಳ್ಳೆ ಜಾಗ ಹುಡುಕಿ ಅದೇ ಡೋಸ್ ಕೊಟ್ಟರೆ ಶುಗರ್ ಧಡಾರನೆ ಬೀಳಬಹುದು. ಗಂಟು ಸಿಕ್ಕರೆ ನಾನು ಡೋಸ್ ಕೊಡುವ ಮುಂಚೆಯೇ ಡಾಕ್ಟರಿಗೆ ಹೇಳಿ, ಕೇಸ್ ಶೀಟಿನಲ್ಲಿ ಯಾವ ಕಡೆ ಅಂತ ಬರೆದು, ಆ ರಾತ್ರಿ ಶುಗರ್ ಒಂದು ಸಲ ಜಾಸ್ತಿ ನೋಡುವಂತೆ ಮುಂದಿನ ಪಾಳಿಯವರಿಗೆ ಹೇಳಿ ಹೋಗುತ್ತೇನೆ.