ಭರಣಿ ಮಳೆಗೆ ಮುಂಚೆ ಪ್ಲಗ್ ಕೀಳಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಪಹಣಿ ತಿದ್ದುಪಡಿಯ ಅರ್ಜಿ, ವೈಕುಂಠ ಸಮಾರಾಧನೆಯ ಕಾರ್ಡು, ಇಷ್ಟೇ ಕಸುಬು. ಇರುವುದು ಎರಡು ಡೆಸ್ಕ್‌ಟಾಪ್, ಒಂದು ಲೇಸರ್ ಪ್ರಿಂಟರ್. ಈ ಎರಡು ಡಬ್ಬಗಳಿಗೆ ಇದುವರೆಗೆ ಐದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಷ್ಟು ಇಳಿಸಿಕೊಡುವ ಒಳಗಿನ ಪೆಟ್ಟಿಗೆ, ಹಾಕಿಸಿದ್ದೇನೆ. ಅದರಲ್ಲಿ ಮೂರು ಸುಟ್ಟದ್ದು ಶುದ್ಧ ನನ್ನದೇ ತಪ್ಪಿನಿಂದ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಇದೆ ಎಂದುಕೊಂಡಿದ್ದೇನೆ.

ಮಲೆನಾಡಿನ ಮಳೆ ಎಂದರೆ ಹೊರಗಿನವರಿಗೆ ಆಷಾಢದ ಜಡಿಮಳೆ ನೆನಪಾಗುತ್ತದೆ. ಕಂಪ್ಯೂಟರಿಗೆ ಅದು ಅಂಥ ಶತ್ರುವಲ್ಲ. ಪುನರ್ವಸು, ಪುಷ್ಯದಲ್ಲಿ ಹಗಲೂ ರಾತ್ರಿ ಸುರಿಯುತ್ತದೆ, ಗುಡುಗು ಕಡಿಮೆ. ಕಾಯಬೇಕಾದದ್ದು ಏಪ್ರಿಲ್ ಕೊನೆಯ ಭರಣಿ, ಅದರ ಬೆನ್ನಿಗೆ ಬರುವ ಕೃತ್ತಿಕೆ, ಮತ್ತೆ ಅಕ್ಟೋಬರಿನ ಚಿತ್ತೆ, ಸ್ವಾತಿ. ಮಧ್ಯಾಹ್ನ ಸೆಕೆ, ನಾಲ್ಕಕ್ಕೆ ಮೋಡ, ಐದಕ್ಕೆ ಸಿಡಿಲು. ಮದುವೆಯ ಹಂಗಾಮು ಕೂಡ ಅದೇ. ಗಿರಾಕಿ ಎದುರು ಕೂತು 'ಮುಹೂರ್ತದ ಸಾಲು ಇನ್ನೊಂಚೂರು ದಪ್ಪ ಮಾಡಿ' ಎನ್ನುವಾಗ ಎದ್ದು ಪ್ಲಗ್ ಕೀಳಲು ಎದೆಗಾರಿಕೆ ಬೇಕು.

ಒಳಗಿನಿಂದ ಶುರು ಮಾಡೋಣ. ಫೈಲು ಸೇವ್ ಮಾಡಿ, ಪೆನ್‌ಡ್ರೈವನ್ನು ಇಜೆಕ್ಟ್ ಕೊಟ್ಟು ತೆಗೆಯಿರಿ, ತೆರೆದ ಪ್ರೋಗ್ರಾಮುಗಳನ್ನು ನೀವೇ ಮುಚ್ಚಿ, ಆಮೇಲೆ ಶಟ್‌ಡೌನ್. ಮೌಸ್ ಕೈಕೊಟ್ಟರೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ನಂತರ ಯು, ಮತ್ತೊಮ್ಮೆ ಯು. ಯಾವುದೋ ಪ್ರೋಗ್ರಾಮ್ ತಡೆಯುತ್ತಿದೆ ಎಂದು ಪರದೆ ಹೇಳಿದರೆ 'ಶಟ್‌ಡೌನ್ ಎನಿವೇ' ಮೇಲೆ ತಟ್ಟನೆ ಬೆರಳಿಡಬೇಡಿ. ಬಹುಪಾಲು ಸೇವ್ ಆಗದ ಫೈಲೊಂದು ಹಿಂದೆ ಅಡಗಿರುತ್ತದೆ. ಪವರ್ ಬಟನ್ನನ್ನು ನಾಲ್ಕೈದು ಸೆಕೆಂಡು ಅದುಮಿ ಹಿಡಿದು ಆರಿಸುವುದು ಯಂತ್ರ ಪೂರ್ತಿ ಕಲ್ಲಾದಾಗ ಮಾತ್ರ. ಡಿಸ್ಕಿಗೆ ಬರೆಯಬೇಕಾದ ಎಷ್ಟೋ ಸಂಗತಿಗಳು ಇನ್ನೂ ಮೆಮೊರಿಯಲ್ಲೇ ಸರತಿಯಲ್ಲಿ ನಿಂತಿರುತ್ತವೆ, ಅವೆಲ್ಲ ಒಂದೇ ಏಟಿಗೆ ಹೋಗುತ್ತವೆ.

ಮಾನಿಟರ್ ಕಪ್ಪಾಯಿತೆಂದರೆ ಕೆಲಸ ಮುಗಿಯಿತೆಂದಲ್ಲ. ಡಬ್ಬದ ಫ್ಯಾನ್ ನಿಲ್ಲಬೇಕು, ಮುಂದಿನ ದೀಪ ಆರಬೇಕು. ದೀಪ ಮಿಣುಕುತ್ತಿದ್ದರೆ ಯಂತ್ರ ಮಲಗಿದೆ ಅಷ್ಟೆ. ಮಲಗಿದಾಗ ಬುಡದಲ್ಲಿ ಸ್ವಿಚ್ ತೆಗೆದರೆ ಸೇವ್ ಮಾಡದ್ದೆಲ್ಲ ಹೋಯಿತು. ವಿಂಡೋಸ್ 8ರಿಂದ ಇನ್ನೊಂದು ಮಾಯೆ ಸೇರಿದೆ. ಫಾಸ್ಟ್ ಸ್ಟಾರ್ಟಪ್ ಎಂದು ಹೆಸರು. ಅದು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟಾಗಲೂ ವಿಂಡೋಸಿನ ಮೂಲಭಾಗ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಕಣ್ಣು ಮುಚ್ಚುತ್ತದೆ. ದಿನಾ ಆರಿಸಿ ಹೊತ್ತಿಸಿದರೂ ಪ್ರಿಂಟರ್ ಹಠ ಬಿಡದೆ, ಒಂದು ರಿಸ್ಟಾರ್ಟ್ ಕೊಟ್ಟ ಕೂಡಲೇ ಸರಿಹೋಗುವ ಗುಟ್ಟು ಇದೇ. ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಪೂರ್ತಿ ಮುಚ್ಚುತ್ತದೆ. ನಾನಂತೂ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ ಅದನ್ನು ತೆಗೆದೇ ಹಾಕಿದ್ದೇನೆ. ಬೆಳಿಗ್ಗೆ ಅರ್ಧ ನಿಮಿಷ ಹೆಚ್ಚಾದರೆ ದೇವರಿಗೆ ಊದುಬತ್ತಿ ಹಚ್ಚುತ್ತೇನೆ.

ಈಗ ಎಸ್‌ಎಂಪಿಎಸ್. ನಾನು ಕಲಿತ ಕಾಲದ ಯಂತ್ರಗಳಲ್ಲಿ ವಿಂಡೋಸ್ 95 ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರದಲ್ಲಿ 'ಇನ್ನು ಆರಿಸಬಹುದು' ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತಿತ್ತು, ನಾವು ಟಕ್ ಎಂದು ಸ್ವಿಚ್ ತೆಗೆಯುತ್ತಿದ್ದೆವು. ಆ ಸ್ವಿಚ್ ನಿಜವಾಗಿ ಕರೆಂಟನ್ನೇ ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಪದ್ಧತಿಯಲ್ಲಿ ಹಾಗಿಲ್ಲ. ಮುಂದಿನ ಬಟನ್ ಬರೀ ಸನ್ನೆ ಮಾಡುತ್ತದೆ. ಶಟ್‌ಡೌನ್ ಆದ ಮೇಲೂ ಎಸ್‌ಎಂಪಿಎಸ್ ಒಳಗೆ 5 ವೋಲ್ಟಿನ ಒಂದು ಸಣ್ಣ ಭಾಗ ಎಚ್ಚರವಾಗಿಯೇ ಇದ್ದು ಆ ಸನ್ನೆಗೆ ಕಾಯುತ್ತದೆ. ಹಾಗಾಗಿ ರಾತ್ರಿ ಬೀಗ ಹಾಕುವ ಮುಂಚೆ ಗೋಡೆಯ ಸ್ವಿಚ್ಚನ್ನೂ ತೆಗೆಯಬೇಕು. ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ದೀಪ ಕೆಲವು ಸೆಕೆಂಡು ಬಿಟ್ಟು ಆರಿದರೆ ಗಾಬರಿಯಾಗಬೇಡಿ, ಕರೆಂಟು ತುಂಬಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಉಳಿದದ್ದು ಖಾಲಿಯಾಗುತ್ತಿರುತ್ತದೆ. ಅದೇ ಕಾರಣಕ್ಕೆ, ಪ್ಲಗ್ ಕಿತ್ತ ಮೇಲೂ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಹೆಚ್ಚು ತುಂಬಿಕೊಂಡು ಕೂತಿರಬಹುದು.

ಗೋಡೆಯ ಸ್ವಿಚ್ಚೂ ಸಿಡಿಲಿಗೆ ಲೆಕ್ಕಕ್ಕಿಲ್ಲ. ಅದು ಕಡಿಯುವುದು ಕರೆಂಟು ತರುವ ಫೇಸ್ ತಂತಿಯೊಂದನ್ನೇ. ಕರೆಂಟು ಮರಳುವ ನ್ಯೂಟ್ರಲ್, ನೆಲಕ್ಕೆ ಇಳಿಯುವ ಅರ್ಥ್ ಎರಡೂ ಹಾಗೆಯೇ ಕೂಡಿಕೊಂಡಿರುತ್ತವೆ. ಒಂದು ಭರಣಿ ಮಳೆಯ ಸಂಜೆ ನಾನು ಸ್ವಿಚ್ ತೆಗೆದು ನೆಮ್ಮದಿಯಿಂದ ಕಾಫಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅಂಗಡಿಯ ತುಂಬ ಕಮಟು ವಾಸನೆ. ಹೊಸ ಎಸ್‌ಎಂಪಿಎಸ್ ಹಾಕಿಸಿದೆ. ಮರುವರ್ಷ ಜಾಣಳಾಗಿ ಪ್ಲಗ್ಗನ್ನೇ ಕಿತ್ತೆ, ಆದರೂ ಮದರ್‌ಬೋರ್ಡಿನಲ್ಲಿ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ ಸತ್ತಿತು. ಬ್ರಾಡ್‌ಬ್ಯಾಂಡಿನ ತಾಮ್ರದ ತಂತಿಯನ್ನು ಕೀಳಲು ಮರೆತಿದ್ದೆ! ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ ಎನ್ನುವುದು ನಿಜ. ಆದರೆ ಆ ಮೋಡೆಮ್ಮಿನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದಲ್ಲ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ನೇರ ಕಂಪ್ಯೂಟರಿಗೆ ದಾರಿ. ಕಂಪ್ಯೂಟರಿನ ಪ್ಲಗ್, ಪ್ರಿಂಟರಿನ ಪ್ಲಗ್, ಮೋಡೆಮ್ಮಿನ ಅಡಾಪ್ಟರ್, ಲ್ಯಾನ್ ಕೇಬಲ್, ನಾಲ್ಕೂ ಕೀಳಬೇಕು. ಕೀಳುವುದು ದೂರದಲ್ಲಿ ಗುಡುಗು ಗೊಣಗುವಾಗಲೇ. ಸಿಡಿಲು ನೆತ್ತಿಯ ಮೇಲೆ ಬಂದಾಗ ತಂತಿ ಮುಟ್ಟಲೇಬೇಡಿ. ಸುಟ್ಟರೆ ಸುಡಲಿ, ಎಸ್‌ಎಂಪಿಎಸ್ ಪೇಟೆಯಲ್ಲಿ ಸಿಗುತ್ತದೆ.

ಕರೆಂಟಿನ ಏಟು ತಡೆಯುವ ಸ್ಪೈಕ್ ಗಾರ್ಡ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅದರೊಳಗಿನ ವೇರಿಸ್ಟರ್ ಎಂಬ ಬಿಲ್ಲೆ ಸಣ್ಣಪುಟ್ಟ ಏಟು ತಿಂದು ತಿಂದು ಸವೆಯುತ್ತದೆ, ಹೊರಗಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದರ ಅರ್ಧ ಬಲವೇ ಹೋದ ಹಾಗೆ. ಡಬ್ಬದ ತಗಡು ಮುಟ್ಟಿದರೆ ಬೆರಳು ಜುಂ ಅನ್ನುತ್ತದೆಯೇ? ಹಾಗಾದರೆ ಅರ್ಥ್ ಇಲ್ಲ, ಅಥವಾ ಇದ್ದೂ ಸತ್ತಿದೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಫೇಸಿಗೂ ಅರ್ಥಿಗೂ ನಡುವೆ 230ರ ಆಸುಪಾಸು, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ಬರುತ್ತದೆಯೇ ಎಂದು ಮೀಟರಿಟ್ಟು ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಕಿತ್ತು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರನ್ನು ನಾನು ಅಂಗಡಿಯೊಳಗೆ ಸೇರಿಸುವುದಿಲ್ಲ.

ಯಾರ ತಪ್ಪೂ ಅಲ್ಲದೆ ಹೋದದ್ದೂ ಉಂಟು. ಗಾಳಿಗೆ ಮರ ಬಿದ್ದು ನಮ್ಮ ಬೀದಿಯ ಲೈನಿನಲ್ಲಿ ನ್ಯೂಟ್ರಲ್ ತುಂಡಾಯಿತು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಕೆಲವು ಮನೆಗಳಿಗೆ ದೀಪ ಮಂಕು, ಕೆಲವಕ್ಕೆ 400 ವೋಲ್ಟಿನ ಹತ್ತಿರದವರೆಗೂ ಏರಬಹುದು. ಬಲ್ಬು ಇದ್ದಕ್ಕಿದ್ದಂತೆ ಝಗ್ಗೆಂದು ಬೆಳಗಿದರೆ ಯೋಚನೆ ಮಾಡುತ್ತ ನಿಲ್ಲದೆ ಮೇನ್ ಆಫ್ ಮಾಡಿ. ಕರೆಂಟು ಹೋಗಿ ಬಂದಾಗಲೂ ಅಷ್ಟೆ. ಹೋದ ಕೂಡಲೇ ಸ್ವಿಚ್ ತೆಗೆದಿಡಿ, ಬಂದ ಮೇಲೆ ಐದು ನಿಮಿಷ ಫ್ಯಾನು, ದೀಪ ಸ್ಥಿರವಾಗಿವೆಯೇ ನೋಡಿ, ಆಮೇಲೆ ಹಾಕಿ. ಬಂತು ಹೋಯಿತು ಎಂದು ಟಕಟಕ ಆಡುವಾಗ ಎಸ್‌ಎಂಪಿಎಸ್ಸಿಗೆ ಪ್ರತಿಸಲವೂ ಮೊದಲ ಕ್ಷಣದ ದೊಡ್ಡ ಪ್ರವಾಹ ನುಗ್ಗುತ್ತದೆ. ಅದನ್ನು ತಡೆಯುವ ಭಾಗ ತಣ್ಣಗಾಗಲು ಒಂದು ನಿಮಿಷವಾದರೂ ಬೇಕು.

ಕರೆಂಟು ಹೋದಾಗ ಬ್ಯಾಟರಿಯಿಂದ ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ ಇಟ್ಟುಕೊಳ್ಳಿ, ಆದರೆ ಅದು ಕೆಲಸ ಮುಂದುವರಿಸಲು ಅಲ್ಲ. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಎಳೆಯುವುದು 360 ವ್ಯಾಟಿನವರೆಗೆ. ಒಳಗಿರುವುದು 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ. ಹೊಸದರಲ್ಲಿ ಕಾಲು ಗಂಟೆ, ಎರಡು ಮೂರು ವರ್ಷ ಕಳೆದರೆ ಒಂದು ನಿಮಿಷಕ್ಕೂ ಏದುಸಿರು. ಬೀಪ್ ಶುರುವಾದರೆ ಸೇವ್, ಶಟ್‌ಡೌನ್. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಯುಪಿಎಸ್ ಅಲ್ಲೇ ಕುಸಿಯುತ್ತದೆ. ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಏನೂ ತೆರೆದಿರದಾಗ ಗೋಡೆಯ ಸ್ವಿಚ್ ತೆಗೆದು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ.

ಉಳಿದ ಎರಡು ತಪ್ಪನ್ನೂ ಒಪ್ಪಿಕೊಂಡು ಬಿಡುತ್ತೇನೆ. ಹಳೆಯ ಎಸ್‌ಎಂಪಿಎಸ್‌ಗಳ ಹಿಂದೆ 115, 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ಆಯುಧಪೂಜೆಗೆ ಒರೆಸುವಾಗ ಬಟ್ಟೆಗೆ ಸಿಕ್ಕಿ ಅದು 115ಕ್ಕೆ ಜಾರಿತ್ತು. ಕುಂಕುಮ ಹಚ್ಚಿ, ಹೂ ಮುಡಿಸಿ, ಸ್ವಿಚ್ ಹಾಕಿದೆ. ಪಟಾಕಿ ಬೇರೆ ತರಬೇಕಾಗಲಿಲ್ಲ. ಇನ್ನೊಂದು ಧೂಳಿನಿಂದ ಹೋದದ್ದು. ಪಕ್ಕದಲ್ಲೇ ಅಡಿಕೆ ಮಂಡಿ, ಆ ಧೂಳೆಲ್ಲ ಫ್ಯಾನಿನಲ್ಲಿ ಕಂಬಳಿಯಾಗಿ ಕಟ್ಟಿಕೊಂಡು ಬಿಸಿ ಹೊರಹೋಗದೆ ಸತ್ತಿತು. ಈಗ ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಫ್ಯಾನ್ ತಿರುಗದ ಹಾಗೆ ಕಡ್ಡಿ ಅಡ್ಡ ಕೊಟ್ಟು, ಹೊರಗಿನಿಂದ ಬ್ಲೋವರ್ ಹಿಡಿಯುತ್ತೇನೆ. ಡಬ್ಬದ ಹಿಂದಿನ ಖಾಲಿ ಕಿಂಡಿಗಳಿಗೆ ತಗಡಿನ ಪಟ್ಟಿ ಹಾಕಿಸಿದ್ದೇನೆ, ಹಾಕದಿದ್ದರೆ ಬೆಚ್ಚಗಿದೆ ಎಂದು ಹಲ್ಲಿ ಸಂಸಾರ ಹೂಡುತ್ತದೆ. ಮಳೆಗಾಲದಲ್ಲಿ ಅಂಗಡಿ ಮುಚ್ಚಿದ್ದರೂ ವಾರಕ್ಕೊಮ್ಮೆ ಹೋಗಿ ಅರ್ಧ ಗಂಟೆ ಚಾಲೂ ಮಾಡುತ್ತೇನೆ, ಇಲ್ಲದಿದ್ದರೆ ಕೊಡೆಯಂತೆ ಇದಕ್ಕೂ ಬೂಸಲು ಹಿಡಿಯುತ್ತದೆ.

ಹೀಗೆ ದಿನಾ ಪ್ಲಗ್ ಕಿತ್ತಿಡುವುದಕ್ಕೆ ಒಂದು ತೆರಿಗೆಯೂ ಉಂಟು. ಮದರ್‌ಬೋರ್ಡಿನ ಗಡಿಯಾರವನ್ನು ನಡೆಸುವ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಒಂದು ಬೆಳಿಗ್ಗೆ ಯಂತ್ರದ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಓಡಿಹೋಗಿ, ಬ್ರೌಸರಿನಲ್ಲಿ ಒಂದು ಪುಟವೂ ತೆರೆಯದಿದ್ದರೆ ವೈರಸ್ ಎಂದು ಹೌಹಾರಬೇಡಿ. ವಾಚ್ ಅಂಗಡಿಯಲ್ಲಿ ಆ ಬಿಲ್ಲೆ ಸಿಗುತ್ತದೆ.