ಅಮ್ಮನ ಸೂಟ್‌ಕೇಸು

ಹದಿನಾರು ತುಂಬಿದ ವಾರ ಡ್ರೈವಿಂಗ್ ಲೈಸೆನ್ಸ್ ಫಾರಂ ತಂದು ಊಟದ ಮೇಜಿನ ಮೇಲಿಟ್ಟೆ. ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಕೇಳಿದ ಜಾಗ ಖಾಲಿಯಿತ್ತು. ಅಪ್ಪ ಟಿವಿ ಸದ್ದು ತಗ್ಗಿಸಿದರು. "ಅದು ನಿಂಗಿಲ್ಲ ಪುಟ್ಟಿ," ಅಂದಳು ಅಮ್ಮ.

ನಾವು ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 1998ರಲ್ಲಿ, ನನಗಾಗ ಆರು ವರ್ಷ. 2001ರ ಡಾಟ್‌ಕಾಂ ಕುಸಿತದಲ್ಲಿ ಅಪ್ಪನ ಕೆಲಸ ಹೋಯಿತು, ಅದರ ಬೆನ್ನಿಗೇ ಕೆಲಸದ ವೀಸಾ ಎಚ್-1ಬಿ ಕೂಡ. ಕೆಲಸ ಹೋದವರಿಗೆ ಈಗ ಸಿಗುವ 60 ದಿನಗಳ ಕಾಲಾವಕಾಶ ಆಗಿರಲಿಲ್ಲ. 'ಮುಂದಿನ ಬೇಸಿಗೆಗೆ ಊರಿಗೆ ಹೋಗೋಣ' ಅನ್ನುತ್ತಲೇ ಉಳಿದುಬಿಟ್ಟೆವು. ಶಾಲೆಯವರು ಏನೂ ಕೇಳಲಿಲ್ಲ. ಕಾಗದವಿಲ್ಲವೆಂದು ಮಕ್ಕಳನ್ನು ಹೊರಗಿಡಬಾರದು ಎಂದು 1982ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ಕೇಳುತ್ತಿದ್ದವರು ನಮ್ಮವರೇ: "ಗ್ರೀನ್ ಕಾರ್ಡ್ ಎಲ್ಲಿಗೆ ಬಂತು?" 'ಪ್ರಾಸೆಸ್‌ನಲ್ಲಿದೆ' ಅನ್ನಬೇಕೆಂದು ಅಮ್ಮ ಹೇಳಿಕೊಟ್ಟಿದ್ದಳು. ವರ್ಷಗಟ್ಟಲೆ ಪ್ರಾಸೆಸ್‌ನಲ್ಲೇ ಇತ್ತು.

2010ರ ಡಿಸೆಂಬರ್ 18ರಂದು ಕಾಲೇಜಿನ ಒಂದು ಕೋಣೆಯಲ್ಲಿ ಕೂತು ಸೆನೆಟ್ ಮತದಾನ ನೋಡಿದೆವು. ಚಿಕ್ಕಂದಿನಲ್ಲೇ ಬಂದ, ಕಾಗದವಿಲ್ಲದ ನಮ್ಮಂಥವರಿಗೆ ಕಾನೂನಿನ ನೆಲೆ ಕೊಡುವ ಡ್ರೀಮ್ ಆಕ್ಟ್ ಮಸೂದೆ ಮುಂದೆ ಹೋಗಲು 60 ಮತ ಬೇಕಿತ್ತು, ಬಿದ್ದದ್ದು 55. ಪಕ್ಕದವಳು ಕಣ್ಣೊರೆಸಿಕೊಳ್ಳುತ್ತ, "ನೀನು ಇಂಡಿಯನ್, ನಿಂಗ್ಯಾಕೆ ಅಳು?" ಅಂದಳು. ನನಗೂ ಕಾಗದವಿಲ್ಲವೆಂದು ಆಗ ಮೊದಲ ಸಲ ಬಾಯಿಬಿಟ್ಟೆ.

ಬೆಂಬಲ ಕೇಳಲು ಜನಪ್ರತಿನಿಧಿಯೊಬ್ಬರ ಕಚೇರಿಗೆ ಮೊದಲ ಸಲ ಹೋದಾಗ ಏಳು ನಿಮಿಷ ಅಳುತ್ತ ಮಾತಾಡಿದೆ. ಸಹಾಯಕ ಟಿಶ್ಯೂ ಕೊಟ್ಟ. ಯಾವ ಮಸೂದೆಗೆ ಬೆಂಬಲ ಬೇಕು ಅನ್ನುವುದನ್ನೇ ಹೇಳದೆ ಎದ್ದು ಬಂದಿದ್ದೆ! ಆಮೇಲೆ ಎರಡು ನಿಮಿಷಕ್ಕೆ ಇಳಿಸಿದೆ: ಬೇಡಿಕೆ ಮೊದಲು, ಕಥೆ ಆಮೇಲೆ. ವೇದಿಕೆ ಹತ್ತುವ ಮುಂಚೆ ವಲಸೆ ವಕೀಲರನ್ನು ಕಂಡೆ. ಅಪ್ಪ ಅಮ್ಮನ ಹೆಸರು, ವಿಳಾಸ, ಕೆಲಸದ ಜಾಗ ಎಂದೂ ಬಾಯಿಗೆ ತರಲಿಲ್ಲ. ನನ್ನ ಗುಟ್ಟು ರಟ್ಟು ಮಾಡುವ ಹಕ್ಕು ನನಗಿತ್ತು, ಅವರ ಗುಟ್ಟಿನದ್ದಲ್ಲ. 'ಈ ಮಕ್ಕಳದ್ದೇನು ತಪ್ಪು' ಎಂಬ ಮಾತನ್ನೂ ಬಿಟ್ಟೆ. ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ತಪ್ಪೆಲ್ಲ ಅಪ್ಪ ಅಮ್ಮನದ್ದು ಅಂತ ನಾವೇ ಬೆರಳು ತೋರಿಸಿದ ಹಾಗಾಗುತ್ತದೆ.

2012ರ ಜೂನ್ 15ರಂದು ಡಾಕಾ (DACA) ಬಂತು, ಚಿಕ್ಕಂದಿನಲ್ಲಿ ಬಂದವರಿಗೆ ಸರ್ಕಾರ ಕೊಟ್ಟ ತಾತ್ಕಾಲಿಕ ರಿಯಾಯಿತಿ. ಗಡೀಪಾರಿನಿಂದ ಎರಡು ವರ್ಷ ರಕ್ಷಣೆ, ಕೆಲಸದ ಪರವಾನಗಿ, ಆಗ 465 ಡಾಲರ್ ಶುಲ್ಕ. 2007ರ ಜೂನ್ 15ರಿಂದ ಇಲ್ಲೇ ಇದ್ದೇನೆಂದು ತೋರಿಸಬೇಕು. ಅಮ್ಮ ಮಂಚದಡಿಯಿಂದ, ನಾವು ಬಂದಾಗ ತಂದಿದ್ದ ಸೂಟ್‌ಕೇಸು ಎಳೆದಳು. ಒಳಗೆ ಮಾರ್ಕ್ಸ್ ಕಾರ್ಡು, ಲಸಿಕೆ ಕಾರ್ಡು, ಹಲ್ಲಿನ ಡಾಕ್ಟರ ಬಿಲ್ಲು. ಒಂದನ್ನೂ ಎಸೆದಿರಲಿಲ್ಲ, ಮಹಾತಾಯಿ. ನೆಲದ ಮೇಲೆ ತಿಂಗಳುವಾರು ಹರಡಿದೆವು. ಶಾಲೆ ಇಲ್ಲದ ಬೇಸಿಗೆಗಳೇ ಖಾಲಿ. 2009ರ ಜುಲೈಗೆ ಸಿಕ್ಕಿದ್ದು ಲೈಬ್ರರಿ ದಂಡದ ಚೀಟಿ. ಆ ದಂಡಕ್ಕೆ ನನಗೆ ಬೈಗುಳವೂ ಬಿದ್ದಿತ್ತು. ಆಮೇಲೆ ಶನಿವಾರಗಳಲ್ಲಿ ಬೇರೆಯವರ ಅರ್ಜಿ ತುಂಬಿಸಲು ಕೂತಾಗ ನನ್ನ ಮೊದಲ ಪ್ರಶ್ನೆ: "ಬೇಸಿಗೆಗೆ ಏನಿದೆ?"

2017ರಲ್ಲಿ ಸರ್ಕಾರ ಡಾಕಾ ರದ್ದು ಮಾಡಹೊರಟಿತು. 2020ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಉಳಿಸಿತು. 2021ರಲ್ಲಿ ಟೆಕ್ಸಾಸಿನ ಕೋರ್ಟು ಹೊಸ ಮಂಜೂರಾತಿಗೆ ತಡೆ ಹಾಕಿತು. 2007ರ ನಂತರ ಬಂದವರಿಗಂತೂ ಅದು ಮೊದಲಿನಿಂದಲೂ ಇಲ್ಲ. ಅಂಥ ಹುಡುಗಿಯರು ಬಂದು ಕೂತರೆ ತುಂಬಿಸಲು ನನ್ನ ಬಳಿ ಫಾರಂ ಇಲ್ಲ. ವಕೀಲರ ನಂಬರ್ ಬರೆದುಕೊಡುತ್ತೇನೆ, ರಸೀದಿ ಎಸೆಯಬೇಡ ಅನ್ನುತ್ತೇನೆ.