ಸ್ಕೀ ಬೂಟು: ಬೆರಳು ಆಡಬೇಕು, ಹಿಮ್ಮಡಿ ಅಲ್ಲಾಡಬಾರದು

ಮೊದಲ ಸಲ ಹಿಮದಲ್ಲಿ ಸ್ಕೀ ಮಾಡಲು ಕಾಶ್ಮೀರದ ಗುಲ್ಮಾರ್ಗಕ್ಕೆ ಹೋದಾಗ ಬಾಡಿಗೆ ಅಂಗಡಿಯಲ್ಲಿ ಶೂ ನಂಬರ್ ಎಷ್ಟು ಅಂತ ಕೇಳಿದರು. ಐದು ಅಂದೆ. ರಾಶಿಯಿಂದ ಒಂದು ಜೋಡಿ ಎಳೆದು ಕೊಟ್ಟರು. ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಿ ಕಾಲು ತೂರಿಸಿದರೆ ಆರಾಮಾಗೇ ಇತ್ತು, ಆದರೆ ಇಳಿಜಾರಿನಲ್ಲಿ ಪ್ರತಿ ತಿರುವಿಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಗೋಡೆಗೆ ಗುದ್ದಿದ ಹಾಗೆ ಬಡಿಯುತ್ತಿತ್ತು, ಮೂರನೇ ದಿನಕ್ಕೆ ಉಗುರು ಕಪ್ಪಾಯಿತು. ಆಮೇಲೆ ನೋಡಿದರೆ ಬೂಟಿನ ಮೇಲೆ 25.5 ಅಂತ ಇತ್ತು. ನನ್ನ ಪಾದ 23.5 ಸೆಂಟಿಮೀಟರ್. ಅದೂ ಗಂಡಸರ ಬೂಟು.

ಈಗ ಪರಿಚಯದ ಇಬ್ಬರು ಧಾರವಾಡದಿಂದ ಉತ್ತರಾಖಂಡದ ಔಲಿಗೆ ಹೊರಟಿದ್ದಾರೆ, ಮತ್ತೊಬ್ಬಳು ಹುಬ್ಬಳ್ಳಿಯಿಂದ ಗುಲ್ಮಾರ್ಗಕ್ಕೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಳತೆ ಊರಲ್ಲೇ ತೆಗೆದುಕೊಳ್ಳಿ. ಸ್ಕೀ ಬೂಟಿಗೆ ನಮ್ಮ ಐದು, ಆರು ನಂಬರ್ ಇಲ್ಲ. ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ಸೈಜು, ಅದಕ್ಕೆ ಮೊಂಡೋ ಪಾಯಿಂಟ್ ಅಂತಾರೆ. ಸಂಜೆ ಹೊತ್ತು, ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುವಾಗ, ನೆಲದ ಮೇಲೆ ಹಾಳೆ ಹಾಸಿ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿ. ಭಾರ ಪೂರ್ತಿ ಆ ಕಾಲಿನ ಮೇಲೇ ಇರಲಿ. ಅತಿ ಉದ್ದದ ಬೆರಳಿನ ತುದಿಗೆ ಇನ್ನೊಬ್ಬರ ಕೈಲಿ ಪೆನ್ಸಿಲ್ ಗುರುತು ಹಾಕಿಸಿ. ನಾವೇ ಬಗ್ಗಿ ಹಾಕಿದರೆ ಪಾದ ಕದಲುತ್ತದೆ. ಎರಡೂ ಕಾಲು ಅಳೆಯಿರಿ, ಒಂದು ಚೂರು ದೊಡ್ಡದಿರುವುದು ಸಹಜ, ದೊಡ್ಡ ಕಾಲಿನ ಅಳತೆ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು: 24 ಮತ್ತು 24.5ಕ್ಕೆ ಸಾಮಾನ್ಯವಾಗಿ ಹೊರಗಿನ ಪ್ಲಾಸ್ಟಿಕ್ ಕವಚ ಒಂದೇ ಇರುತ್ತದೆ. ಹಾಗಾಗಿ ಅರ್ಧ ಸೈಜು ಜಾಸ್ತಿ ಕೊಡಿ ಅಂತ ಕೇಳಿ ಏನೂ ಉಪಯೋಗವಿಲ್ಲ.

ಹೆಂಗಸರ ಬೂಟು ಬೇರೆ ಯಾಕೆ ಅಂದರೆ ಅದು ಬಣ್ಣದ ಮಾತಲ್ಲ. ನಮ್ಮ ಮೀನಖಂಡ ಗಂಡಸರಿಗಿಂತ ಕೆಳಗೆ ಶುರುವಾಗುತ್ತದೆ. ಅವರ ಬೂಟಿನ ಎತ್ತರದ ಅಂಚು ಸೀದಾ ಮಾಂಸಖಂಡದ ಮೇಲೇ ಕೂತು ಕೊರೆಯುತ್ತದೆ, ಬಕಲ್ ಸಡಿಲ ಮಾಡಿದರೆ ಮೇಲೆ ಆರಾಮ, ಕೆಳಗೆ ಹಿಮ್ಮಡಿ ಎದ್ದು ಎದ್ದು ಬೀಳುತ್ತದೆ. ಹೆಂಗಸರ ಬೂಟಿನ ಮೇಲ್ಭಾಗ ಗಿಡ್ಡ, ಬಾಯಿ ಅಗಲ, ಹಿಮ್ಮಡಿ ಕಡೆ ಇಕ್ಕಟ್ಟು. ನಾವು ಚಪ್ಪಲಿಯಲ್ಲಿ, ಬರಿಗಾಲಲ್ಲಿ ಬೆಳೆದವರು, ಮುಂಪಾದ ಅಗಲ ಇರುವವರು ಜಾಸ್ತಿ. ಕೊಳ್ಳುವವರಾದರೆ ಅಗಲದ ಅಂಕಿಯನ್ನೂ ಕೇಳಿ: 98 ಮಿಲಿಮೀಟರ್ ಇಕ್ಕಟ್ಟು, 100 ಮಧ್ಯಮ, 102ರಿಂದ ಮೇಲೆ ಅಗಲ. ಅಗಲ ಸಾಲದು ಅಂತ ಉದ್ದದ ಸೈಜು ಏರಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದೇ.

ಬೂಟು ಬಗ್ಗಲು ಎಷ್ಟು ಗಟ್ಟಿ ಅನ್ನುವುದಕ್ಕೂ ಒಂದು ಅಂಕಿ ಇರುತ್ತದೆ, ಫ್ಲೆಕ್ಸ್ ಅಂತಾರೆ. ಕಲಿಯುವ ಹೆಂಗಸರಿಗೆ 60ರಿಂದ 80 ಸಾಕು. ಒಂದು ಕಂಪನಿಯ 80 ಇನ್ನೊಂದರ 80ಕ್ಕೆ ಸಮ ಅಲ್ಲ, ಚಳಿಯಲ್ಲಿ ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಹಾಕಿ ಮೊಣಕಾಲು ಬಗ್ಗಿಸಿ ನೋಡಿಯೇ ತೀರ್ಮಾನ ಮಾಡಿ.

ಅಂಗಡಿಗೆ ಹೋಗುವ ಮೊದಲು ಕಾಲುಂಗುರ, ಗೆಜ್ಜೆ ತೆಗೆದಿಡಿ. ಯಾವ ಇಂಗ್ಲಿಷ್ ವೀಡಿಯೊದಲ್ಲೂ ಇದನ್ನು ಹೇಳುವುದಿಲ್ಲ, ಅವರಿಗೆ ಗೊತ್ತೇ ಇಲ್ಲವಲ್ಲ. ಬಿಗಿ ಬೂಟಿನೊಳಗೆ ಕಾಲುಂಗುರ ಪಕ್ಕದ ಬೆರಳನ್ನು ಕೊಯ್ಯುತ್ತದೆ, ಗೆಜ್ಜೆಯ ಕೊಂಡಿ ಎಲುಬಿಗೆ ಒತ್ತಿ ಗಾಯ ಮಾಡುತ್ತದೆ. ಮದುವೆಯಾದಾಗಿನಿಂದ ತೆಗೆಯದವರಿಗೆ ಬೇಜಾರಾಗಬಹುದು, ಗೊತ್ತು. ಸ್ಕೀ ಮಾಡುವ ಹೊತ್ತಿಗಷ್ಟೇ ತೆಗೆದು ಪರ್ಸಿನಲ್ಲಿಟ್ಟು ಸಂಜೆ ಮತ್ತೆ ಹಾಕಿಕೊಳ್ಳಿ. ಉಗುರು ಕತ್ತರಿಸಿರಿ. ಸಾಕ್ಸ್ ಒಂದೇ ಜೊತೆ, ತೆಳ್ಳಗಿನದು, ಮೊಣಕಾಲಿನವರೆಗೆ ಬರುವಂಥದ್ದು. ಹತ್ತಿಯದು ಬೇಡ, ಬೆವರು ಹೀರಿಕೊಂಡು ಒದ್ದೆಯಾಗಿ ಕಾಲು ಮರಗಟ್ಟುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬಾರದು, ಅಲ್ಲೊಂದು ಮಡಿಕೆ ಇದ್ದರೂ ದಿನವಿಡೀ ಒತ್ತುತ್ತದೆ.

ಈಗ ನಿಜವಾದ ಪರೀಕ್ಷೆ. ಬೂಟಿನ ಒಳಗಿನ ಮೆತ್ತನೆಯ ಲೈನರ್ ಎಳೆದು ಹೊರಗೆ ತೆಗೆಯಿರಿ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ. ಬರಿ ಕವಚದಲ್ಲಿ ಕಾಲಿಟ್ಟು ಬೆರಳು ಮುಂದಕ್ಕೆ ತಾಗುವಷ್ಟು ಸರಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತು ನೋಡಿ. ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ದರೆ ಸರಿ. ಎರಡು ಬೆರಳು ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದರೆ ಆ ಬೂಟು ದೊಡ್ಡದು, ವಾಪಸ್ ಕೊಡಿ.

ಲೈನರ್ ಮತ್ತೆ ಹಾಕಿ, ಕಾಲು ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ. ಪಾದ ಹಿಂದಕ್ಕೆ ಹೋಗಿ ಕೂರುತ್ತದೆ. ಮೊಣಕಾಲು ಮುಂದಕ್ಕೆ ಬಗ್ಗಿಸಿ ಮೊದಲು ಹರಡಿನ ಮೇಲಿನ ಬಕಲ್ ಹಾಕಿ, ಆಮೇಲೆ ಮೇಲಿನದು ಮತ್ತು ಪಟ್ಟಿ, ಕೊನೆಗೆ ಬೆರಳಿನ ಕಡೆಯವು. ಬೆರಳಿನ ಬಕಲ್ ಸುಮ್ನೆ ಕೊಂಡಿ ಸಿಕ್ಕಿಸಿದಷ್ಟೇ ಇರಲಿ, ಅದನ್ನು ಜಗ್ಗಿ ಹಾಕಿದರೆ ರಕ್ತ ಓಡಾಡದೆ ಕಾಲು ತಣ್ಣಗಾಗುತ್ತದೆ. ನೇರ ನಿಂತಾಗ ಬೆರಳ ತುದಿ ಲೈನರನ್ನು ಮೆಲ್ಲಗೆ ಮುಟ್ಟಬೇಕು, ಮೊಣಕಾಲು ಬಗ್ಗಿಸಿದರೆ ಬಿಟ್ಟುಕೊಳ್ಳಬೇಕು. ಹಾಗೇ ಬಗ್ಗಿದ್ದು ಹಿಮ್ಮಡಿ ಎತ್ತಲು ನೋಡಿ. ಏಳುತ್ತದಾ? ಬೇಡ ಆ ಬೂಟು. ಬಿಗಿಯಾಗಿ ಹಿಡಿದಿದೆ, ಆದರೆ ಬೆರಳು ಆಡಿಸಬಹುದು ಅಂದರೆ ಅದು ನಿಮ್ಮದು. ಹದಿನೈದು ನಿಮಿಷ ಹಾಕಿಕೊಂಡೇ ಓಡಾಡಿ, ಚಹಾ ಕುಡಿಯಿರಿ. ಎಲ್ಲ ಕಡೆ ಸಮನಾದ ಒತ್ತಡವಾದರೆ ಒಳ್ಳೆಯದು. ಒಂದೇ ಜಾಗದಲ್ಲಿ ಚುಚ್ಚಿದರೆ, ಜುಮ್ಮೆಂದರೆ ಬದಲಾಯಿಸಿ. ಬಳಸಿದಂತೆ ಲೈನರ್ ಒತ್ತಿಕೊಂಡು ಜಾಗ ಜಾಸ್ತಿಯೇ ಆಗುತ್ತದೆ, ಅದಕ್ಕೇ ಹೊಸದರಲ್ಲಿ ಸ್ವಲ್ಪ ಬಿಗಿ ಇರಲಿ ಅನ್ನುವುದು.

ವರ್ಷಕ್ಕೊಂದು ವಾರ ಹೋಗುವವರು ಕೊಳ್ಳುವುದು ಬೇಡ ಅನ್ನುವುದು ನನ್ನ ಮಾತು. ಇಲ್ಲಿ ಹುಬ್ಬಳ್ಳಿಯ ಕೊಪ್ಪೀಕರ್ ರೋಡಿನಲ್ಲಿ ಸ್ಕೀ ಬೂಟು ಹಾಕಿ ನೋಡಿ ತರೋಣ ಅಂದರೆ ಆಗದ ಮಾತು, ಹಾಕಿ ನೋಡದೆ ಆನ್‌ಲೈನ್‌ನಲ್ಲಿ ತರಿಸುವುದು ಜೂಜು. ಕೊಂಡರೂ ಬಾಡಿಗೆ ಸ್ಕೀ ತೆಗೆದುಕೊಳ್ಳುವಾಗ ಬೂಟನ್ನು ಅಂಗಡಿಯವರಿಗೆ ತೋರಿಸಿ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹೊಂದಿಸಿಕೊಳ್ಳಿ, ತಳದ ಉದ್ದ ಮತ್ತು ನಮೂನೆ ಹೊಂದದಿದ್ದರೆ ಬಿದ್ದಾಗ ಸ್ಕೀ ಕಳಚಿಕೊಳ್ಳದೆ ಮೊಣಕಾಲು ತಿರುಚಬಹುದು.

ಮೊದಲ ದಿನ ಸಂಜೆ ಬೂಟು ಬಿಚ್ಚಿದ ತಕ್ಷಣ ಪಾದ ನೋಡಿಕೊಳ್ಳಿ. ಎಲ್ಲೆಡೆ ಸ್ವಲ್ಪ ಕೆಂಪಾಗಿದ್ದು ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆಯಿಲ್ಲ. ಒಂದೇ ಕಡೆ ಕೆಂಪು ಹಾಗೇ ಉಳಿದು ಮುಟ್ಟಿದರೆ ನೋವಾದರೆ ಮರುದಿನ ಬೆಳಿಗ್ಗೆ ಬೇರೆಯವರು ಬರುವ ಮುಂಚೆ ಅಂಗಡಿಗೆ ಹೋಗಿ ಬೇರೆ ಜೋಡಿ ಕೇಳಿ. ನಾನು ಸಂಕೋಚಪಟ್ಟು ಮೂರು ದಿನ ಕಳೆದೆ.